ಮಾದರಿ ಏಳು

ಸೀಸೆಯ ಮೇಲೆ ನನ್ನದೇ ಕೈಬರಹ:
ಅಲ್ಯುಮಿನಾ, ನೀರು, ನೂರಕ್ಕೆ ಕಾಲು ಭಾಗ,
ಕಲಕಿದ್ದು ಸೋಮವಾರ ಸಂಜೆ ನಾಲ್ಕು ಹತ್ತು.
ಬೆಳಕಿಗೆ ಹಿಡಿದರೆ ಅಕ್ಕಿ ತೊಳೆದ ನೀರು.
ಒಂದು ಕೂದಲಿನ ಅಡ್ಡಗಲದಲ್ಲಿ
ಸಾಲಾಗಿ ಎರಡು ಸಾವಿರ ಕಣ ನಿಲ್ಲುತ್ತವೆ
ಎಂದು ಬರೆದಿದ್ದೇನೆ ಪ್ರಬಂಧದ ಮೊದಲ ಪುಟದಲ್ಲಿ,
ಕಣ್ಣಾರೆ ಎಣಿಸಿದವಳಂತೆ.

ಸವರಿಮುತ್ತು ನೋಡಿದ್ದು ಸೀಸೆಯನ್ನಲ್ಲ, ನನ್ನ ಚಪ್ಪಲಿಯನ್ನು.
"ಅಲ್ಲಿ ಆಸಿಡ್ ಚೆಲ್ಲಿದೆ ಮೇಡಂ, ಈ ಕಡೆ ಬನ್ನಿ."
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸು, ಏಪ್ರಿಲ್ ಮಧ್ಯಾಹ್ನ,
ತಗಡಿನ ಸೂರಿನಡಿ ಬಿಚ್ಚಿಟ್ಟ ರೇಡಿಯೇಟರುಗಳು
ಪಕ್ಕೆಲುಬು ತೋರಿಸುತ್ತ ಗೋಡೆಗೊರಗಿದ್ದವು.
ಹಳೆ ಅಂಬಾಸಿಡರಿನದೊಂದು ಬೇಕು ಅಂದೆ.
ಯಾವ ಗಾಡಿಗೆ?
ಗಾಡಿಗಲ್ಲ, ಅಳೆಯುವುದಕ್ಕೆ.
ಏನನ್ನ?
ಬಿಸಿ ಎಷ್ಟು ಬೇಗ ಕೈ ಬಿಡುತ್ತೆ ಅನ್ನೋದನ್ನ.

ಅವನು ನಕ್ಕ. ಭದ್ರಾವತಿಯ ಕುಲುಮೆಯೆದುರು
ಮೂವತ್ತು ವರ್ಷ ನಿಂತವರ ಮಗ.
"ನಮ್ಮಪ್ಪನ್ನ ಮುಟ್ಟಿ ನೋಡಬೇಕಿತ್ತು ನೀವು.
ರಿಟೈರಾಗಿ ಎಂಟು ವರ್ಷ ಆದ್ರೂ
ಬೆನ್ನು ತಣ್ಣಗಾಗಿರಲಿಲ್ಲ."

ನೀರು ಶಾಖ ಹೊರುವುದರಲ್ಲಿ ಗಟ್ಟಿಗಿತ್ತಿ,
ದಾಟಿಸುವುದರಲ್ಲಿ ಮೈಗಳ್ಳಿ.
ಕೊಳವೆಯ ಗೋಡೆಗಂಟಿದ ಒಂದು ತೆಳು ಪದರ
ಹರಿಯುವುದೇ ಇಲ್ಲ, ತಿಥಿಮನೆಯ ಬಾಗಿಲಲ್ಲಿ
ಒಳಗೂ ಬಾರದೆ ಹೊರಗೂ ಹೋಗದೆ
ನಿಂತೇ ಇರುವ ನೆಂಟರ ಹಾಗೆ.
ಅಲ್ಲಿಗೆ ಈ ಪುಡಿಯನ್ನು ಕಳಿಸುತ್ತೇವೆ ನಾವು.
ನೀರಿನ ಅಣುಗಳು ಎಡದಿಂದ ತಳ್ಳುತ್ತವೆ, ಬಲದಿಂದ ತಳ್ಳುತ್ತವೆ,
ಗಾಂಧಿ ಬಜಾರಿನ ಶನಿವಾರದ ಸಂದಣಿಯಲ್ಲಿ
ಕಾಲೆತ್ತಿಡದೆಯೇ ಬಳೆ ಅಂಗಡಿ ದಾಟಿಹೋದಂತೆ
ಕಣಗಳು ಎಲ್ಲೆಲ್ಲಿಗೋ ಹೋಗುತ್ತವೆ.
ಶಾಖ ಹೆಚ್ಚು ದಾಟುವುದು ಇದರಿಂದಲೋ, ಬೇರೆ ಯಾತರಿಂದಲೋ,
ಒಮ್ಮತವಿಲ್ಲ. ನನ್ನ ಗೈಡಿಗೂ ನನಗೂ ಇಲ್ಲ.

ಮಂಗಳವಾರ: ನೂರಕ್ಕೆ ಹನ್ನೊಂದು ಹೆಚ್ಚು.
ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.
ಗುರುವಾರ: ನೂರಕ್ಕೆ ಆರು.
ಶನಿವಾರ ಪಂಪು ಕೆಮ್ಮಿ ಕೆಮ್ಮಿ ನಿಂತಿತು.

ನವುಲೆಯಿಂದ ಆಟೋದಲ್ಲಿ, ಮಡಿಲ ಮೇಲೆ ರೇಡಿಯೇಟರು.
ಬೆಸುಗೆ ಕರಗಿಸಿ ಅವನು ಮುಚ್ಚಳ ತೆಗೆದರೆ
ಒಳಗೆ ಕಡುಬಿನ ಹಿಟ್ಟು, ಹದವಾಗಿ, ಬೆಳ್ಳಗೆ.
ಉಕ್ಕಿನ ಪಟ್ಟಿ ತೂರಿಸಿ ಒಂದೊಂದೇ ಕೊಳವೆ ಕೆರೆದ.
ಕಟ್ಟಿಕೊಂಡವು ಹತ್ತೊಂಬತ್ತು.
"ಹುಲಿಕಲ್ ಘಾಟಿ ಹತ್ತೋ ಲಾರಿಯವ್ರು
ಸಿಕ್ಕಿದ ಹಳ್ಳದ ನೀರು ಹುಯ್ತಾರೆ, ಕೆಂಪಗೆ ಕೂರುತ್ತೆ.
ನಿಮ್ದು ಬೆಳ್ಳಗೆ ಕೂತಿದೆ.
ಸೋಸಿ ಹಾಕೋದು ಬಿಟ್ಟು ಬೆರೆಸಿ ಹಾಕ್ತೀರಲ್ಲ?"

ನನಗೆ ರೋಷ ಬಂತು. ಹಾಗಲ್ಲ, ಅಂದೆ,
ಎರಡು ಹನಿ ಆಮ್ಲ ಹಾಕಿದರೆ
ಎಲ್ಲ ಕಣಕ್ಕೂ ಒಂದೇ ಬಗೆಯ ವಿದ್ಯುತ್ತು ಏರುತ್ತೆ,
ಒಂದನ್ನೊಂದು ಹತ್ತಿರ ಬಿಟ್ಟುಕೊಳ್ಳಲ್ಲ, ತೇಲ್ತಿರುತ್ತೆ.
ನನ್ನ ಹನಿಯ ಲೆಕ್ಕ ಎಲ್ಲೋ ತಪ್ಪಿದೆ.

ಪಟ್ಟಿ ಒರೆಸುತ್ತ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.
"ಅಂದ್ರೆ, ಜಗಳ ಇದ್ರೆ ತೇಲ್ತವೆ,
ರಾಜಿಯಾದ್ರೆ ಮುಳುಗ್ತವೆ."
ಆಮೇಲೆ ಚಹಾ ತರಲು ಹುಡುಗನನ್ನು ಕೂಗಿದ.

ಪ್ರಯೋಗದ ಪುಸ್ತಕದ ಅಂಚಿನಲ್ಲಿ ಅದನ್ನು ಬರೆದಿಟ್ಟೆ.
ಗೈಡು ಕೆಂಪು ಶಾಯಿಯಲ್ಲಿ ಕೇಳಿದ್ದಾರೆ: ಆಕರ ಯಾವುದು?
ಹನ್ನೊಂದು ಇರಲಿ, ಆರು ಬೇಡ, ಎಂದೂ ಹೇಳಿದ್ದಾರೆ, ಬಾಯಲ್ಲಿ.
ಅನುಬಂಧಕ್ಕೆ ಅವನ ರಸೀದಿ ಅಂಟಿಸಿದ್ದೇನೆ:
ಕ್ಲೀನಿಂಗ್, ಕೊಳವೆ ೧೯, ರೂಪಾಯಿ ೩೫೦, ಕೆಳಗೊಂದು ಎಣ್ಣೆ ಬೆರಳು.

ಮಾದರಿ ಏಳು ಕಿಟಕಿಯಲ್ಲಿ ವಾರ ಪೂರ್ತಿ ನಿಂತು
ಮೇಲೆ ತಿಳಿ, ಕೆಳಗೆ ಒಂದು ಬೆರಳು ಕೆಸರು.
ನಿನ್ನೆ ಅದನ್ನು ಚೀಲಕ್ಕೆ ಹಾಕಿ ವಿದ್ಯಾನಗರದ ಬಸ್ಸು ಹತ್ತಿದೆ.
ತುಂಗಾ ಸೇತುವೆಯ ಮೇಲೆ ಡ್ರೈವರು ಬ್ರೇಕು ಒತ್ತಿ, ಬಿಟ್ಟು, ಒತ್ತಿ,
ಇಳಿಯುವಾಗ ನೋಡಿದರೆ
ಮತ್ತೆ ಅಕ್ಕಿ ತೊಳೆದ ನೀರು,
ಬಾಗಿಲ ಬೀಗ ತೆಗೆಯುವವರೆಗೂ.